ಎಲ್ಲರ ಮನೆಯಲ್ಲಿ ಕೇರಿ ಎಲ್ಲಿದೆ?

ಪರಿಸರ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮ ಕೇರಿಯ ಹುಡುಗರಿಗೆ ಅನುಮಾನ ಬರುತ್ತದೆ. ಬರಬೇಕಾದದ್ದೇ. ಇದುವರೆಗೆ ಆ ಮಾತನ್ನು ನಮ್ಮ ಮುಂದೆ ಆಡಿದವರು ಯಾರು? ಹುಲಿ ಉಳಿಸಬೇಕು ಅಂತ ಕಾಡಿನ ಜನರನ್ನು ಎಬ್ಬಿಸಿದವರು. ಸಾಮಾಜಿಕ ಅರಣ್ಯ ಅಂತ ಹೆಸರಿಟ್ಟು ಗೋಮಾಳದಲ್ಲಿ ನೀಲಗಿರಿ ನೆಟ್ಟು, ಬಡವರ ಆಡು-ಕುರಿಗಳ ಬಾಯಿಗೆ ಮಣ್ಣು ಹಾಕಿದವರು. ಜೂನ್ 5ಕ್ಕೆ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಜೀಪು ಹತ್ತಿ ಹೋದವರು. ಇಂಥವರ ಬಾಯಿಂದ ಕೇಳಿ ಕೇಳಿ ಆ ಶಬ್ದವೇ ನಮಗೆ ಮೈಲಿಗೆಯಾಗಿಬಿಟ್ಟಿದೆ.

ಹಂಗಿದ್ದ ಮ್ಯಾಲೆ ರೋಮಿನ ಪೋಪರು ಬರೆದ ಪರಿಸರದ ಪತ್ರವನ್ನು ಯಾದಗಿರಿ, ಶಹಾಪುರ, ಸುರಪುರದ ಮಂದಿ ಯಾಕೆ ಓದಬೇಕು? ಗೆಳೆಯರು ಕೇಳಿದ್ದಾರೆ. ಓದಬೇಕು ಅಂತ ನಾವು ಹೇಳುವುದು ಒಂದೇ ಕಾರಣಕ್ಕೆ. ಭೂಮಿಗೆ ಬಿದ್ದ ಏಟೂ ಬಡವನಿಗೆ ಬಿದ್ದ ಏಟೂ ಒಂದೇ ಕೋಲಿನವು ಎಂಬ ಸತ್ಯವನ್ನು ನಮ್ಮ ಹುಲಿಪ್ರೇಮಿಗಳು ಬಾಯಿಬಿಟ್ಟು ಹೇಳಲಿಲ್ಲ. ಈ ಪತ್ರ ಹೇಳುತ್ತದೆ. ಹೇಳಿ, ಅರ್ಧ ದಾರಿಗೆ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನು ನಮ್ಮ ನೆಲದ ಮೇಲಿಟ್ಟು ನೋಡುವುದೇ ಈ ಬರಹದ ಕೆಲಸ.

ಪತ್ರದ ಹೆಸರು 'ಲೌದಾತೊ ಸಿ'. ನಿನಗೆ ಸ್ತುತಿ ಎಂದು ಅರ್ಥ. ಅಸ್ಸಿಸಿಯ ಸಂತ ಫ್ರಾನ್ಸಿಸನ ಹಾಡಿನಿಂದ ಬಂದ ಮಾತು. ಪೋಪ್ ಫ್ರಾನ್ಸಿಸ್ 2015ರ ಮೇ 24ಕ್ಕೆ ಸಹಿ ಹಾಕಿದರು, ಜೂನ್ 18ಕ್ಕೆ ಬಿಡುಗಡೆಯಾಯಿತು. ಆರು ಅಧ್ಯಾಯ, 246 ಕಂಡಿಕೆ. ಕ್ಯಾಥೊಲಿಕರಿಗಷ್ಟೇ ಅಲ್ಲ, ಈ ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಬರೆದದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ನಮಗೂ ಬಂದ ಪತ್ರ ಇದು. ಬಂದ ಪತ್ರಕ್ಕೆ ಉತ್ತರ ಬರೆಯುವ ಹಕ್ಕೂ ನಮಗಿದೆ. ಕನ್ನಡ ಕ್ಯಾಥೊಲಿಕರು ಪೋಪರನ್ನು 'ಜಗದ್ಗುರು' ಎಂದು ಕರೆಯುತ್ತಾರೆ. ಆ ಶಬ್ದ ಕೇಳಿದರೆ ನಮಗೆ ಪಲ್ಲಕ್ಕಿ, ಅಡ್ಡಬೀಳುವ ಜನ ನೆನಪಾಗುತ್ತಾರೆ. ಇರಲಿ. ಈ ಜಗದ್ಗುರು ಅರ್ಜೆಂಟೀನಾದವರು, 2025ರ ಏಪ್ರಿಲ್ 21ಕ್ಕೆ ತೀರಿಕೊಂಡರು. ನಂತರ ಬಂದವರು 14ನೇ ಲಿಯೊ. 1891ರಲ್ಲಿ ಕೂಲಿಕಾರರ ಸಲುವಾಗಿ ಪತ್ರ ಬರೆದ 13ನೇ ಲಿಯೊ ಅವರ ಹೆಸರನ್ನೇ ಇಟ್ಟುಕೊಂಡವರು. ಗುರು ಬದಲಾದರೂ ಪತ್ರ ಹಾಗೇ ಇದೆ.

ಮೊದಲು ಪತ್ರದ ಗಟ್ಟಿ ಭಾಗ ನೋಡೋಣ. 51ನೇ ಕಂಡಿಕೆಯಲ್ಲಿ ಪೋಪರು ಸಾಲದ ಲೆಕ್ಕ ಎತ್ತುತ್ತಾರೆ. ಬಡ ದೇಶಗಳು ಶ್ರೀಮಂತ ದೇಶಗಳಿಗೆ ಸಾಲ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಶ್ರೀಮಂತ ದೇಶಗಳು ಬಡ ದೇಶಗಳ ಮಣ್ಣು, ನೀರು, ಅದಿರು ತಿಂದ ಸಾಲ ಯಾರು ತೀರಿಸಬೇಕು ಎಂಬುದು ಅವರ ಪ್ರಶ್ನೆ. ಚಿನ್ನದ ಗಣಿಗಳು ಬಿಟ್ಟುಹೋಗುವ ಪಾದರಸ, ತಾಮ್ರದ ಗಣಿಗಳ ಹೊಗೆ, ಕಂಪನಿ ಬಾಗಿಲು ಹಾಕಿದ ಮೇಲೆ ಉಳಿಯುವ ಹಾಳು ಊರು, ಕೆಲಸವಿಲ್ಲದ ಕೈ, ಇವನ್ನೆಲ್ಲ ಹೆಸರಿಟ್ಟು ಬರೆದಿದ್ದಾರೆ. ಜನಸಂಖ್ಯೆ ಹೆಚ್ಚಾದದ್ದೇ ಎಲ್ಲ ಕೇಡಿಗೆ ಮೂಲ ಎನ್ನುವವರಿಗೂ ಅದರ ಹಿಂದಿನ ಕಂಡಿಕೆಯಲ್ಲೇ ಉತ್ತರ ಕೊಟ್ಟಿದ್ದಾರೆ: ಉಳ್ಳವರ ಹೊಟ್ಟೆಬಾಕತನ ಮುಚ್ಚಿಡಲಿಕ್ಕೆ ಬಡವರ ಮಕ್ಕಳನ್ನು ಎಣಿಸಬೇಡಿ ಎಂಬುದು ಅದರ ತಾತ್ಪರ್ಯ. ತುರ್ತುಪರಿಸ್ಥಿತಿಯ ನಸಬಂದಿ ಶಿಬಿರಗಳ ನೆನಪಿರುವ ಈ ದೇಶಕ್ಕೆ ಆ ಮಾತು ತಟ್ಟುತ್ತದೆ. (ಹೆರುವ ಹೆಣ್ಣಿನ ಇಚ್ಛೆಯ ಬಗ್ಗೆ ಈ ಧರ್ಮಪೀಠ ಹೇಳುವ ಮಾತಿನ ಜೊತೆ ನಮ್ಮ ಜಗಳ ಬೇರೆ ಇದೆ, ಅದು ಇನ್ನೊಂದು ಲೇಖನದ ಮಾತು.)

ಈ ಕಂಡಿಕೆಯನ್ನು ಕೈಯಲ್ಲಿ ಹಿಡಿದು ಸುರಪುರ ತಾಲ್ಲೂಕಿಗೆ ಬನ್ನಿ. ಮಂಗಳೂರು ಅಂದರೆ ಕಡಲ ಮಂಗಳೂರಲ್ಲ, ನಮ್ಮ ಸುರಪುರದ ಮಂಗಳೂರು. ಅಲ್ಲಿ ಹಿಂದಿನ ಕಾಲದಿಂದ ಚಿನ್ನದ ಗಣಿ ನಡೆದಿತ್ತು. ಚಿನ್ನ ಹೋಯಿತು. ಚಿನ್ನದ ಜೊತೆ ನೆಲದೊಳಗಿಂದ ಬಂದ ಪಾಷಾಣ, ಅಂದರೆ ಆರ್ಸೆನಿಕ್, ಉಳಿಯಿತು. ಆ ಸೀಮೆಯ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲು, ಮೈಚರ್ಮ ಕೆಡುತ್ತಾ ಬಂದವು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಮುಂದಿಟ್ಟಿತು. 59 ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿದಾಗ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿ ದಾಟಿತ್ತು. ಅತಿ ಹೆಚ್ಚೆಂದರೆ 303 ಇತ್ತು. ನೋಡಿದ 181 ಜನರಲ್ಲಿ ನೂರಕ್ಕೆ 58.6 ಮಂದಿಯ ಚರ್ಮದ ಮೇಲೆ ಪಾಷಾಣದ ಗುರುತಿತ್ತು. ಕೂದಲು, ಉಗುರು ಕೊಟ್ಟ 171 ಮಂದಿಯಲ್ಲಿ ಒಬ್ಬರದ್ದೂ ಶುದ್ಧವಾಗಿರಲಿಲ್ಲ. ವಿಷ ಎಷ್ಟು ಪಾಲು ಬಂಡೆಯದು, ಎಷ್ಟು ಪಾಲು ಗಣಿಯ ಕಸದ್ದು ಎಂಬುದನ್ನು ಇನ್ನೂ ಅಳೆಯಬೇಕು ಎಂದು ವಿಜ್ಞಾನಿಗಳು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ. ಅಳೆಯಲಿ. ಆದರೆ ಕುಡಿದವರು ಯಾರು ಎಂಬುದನ್ನು ಅಳೆಯಲು ಯಂತ್ರ ಬೇಕಿಲ್ಲ. ಅದು ಲಂಬಾಣಿಗರ ತಾಂಡಾ. ಚಿನ್ನದ ಬಿಲ್ಲೆ ಯಾರ ಕೊರಳಿಗೆ ಹೋಯಿತೋ, ಪಾಷಾಣ ಮಾತ್ರ ತಾಂಡಾದ ಕೊಡಕ್ಕೆ ಬಂತು.

ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು, ಯಾಕಂದರೆ ಉಳಿದ ಹಕ್ಕುಗಳೆಲ್ಲ ಜೀವ ಇದ್ದರೆ ತಾನೆ ಎಂದು 30ನೇ ಕಂಡಿಕೆ ವಾದಿಸುತ್ತದೆ. ಸರಿಯಾದ ಮಾತು. ಕಿರದಳ್ಳಿ ತಾಂಡಾದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ಪೋಪರ ಮಾತಿಗೆ ರಕ್ತಮಾಂಸ ಬರುತ್ತದೆ.

ಇನ್ನು ಶಹಾಪುರ. ಆದಿಲ್‌ಶಾಹಿಯ ಮೊದಲ ಸುಲ್ತಾನರು ಮಣ್ಣಾದ ಊರು ಗೋಗಿ. ಚಂದಾ ಹುಸೇನಿ ದರ್ಗಾದ ಊರು. ಅದರ ನೆಲದಡಿ, ಭೀಮಾ ಕಣಿವೆಯ ಸುಣ್ಣಗಲ್ಲು-ಕರಿಗಲ್ಲುಗಳ ಬಿರುಕಿನಲ್ಲಿ ಯುರೇನಿಯಂ ಇದೆ ಎಂದು ಸರ್ಕಾರದ ಭೂವಿಜ್ಞಾನಿಗಳು ಪತ್ತೆ ಮಾಡಿದರು. ಯುರೇನಿಯಂ ಕಾರ್ಪೊರೇಷನ್ ಬಂತು, ಪರಿಶೋಧನೆಯ ಸುರಂಗ ತೋಡಿತು. ಬಾವಿ ನೀರು, ದನಕರು, ಹೊಟ್ಟೆಯೊಳಗಿನ ಕೂಸು, ಎಲ್ಲದರ ಬಗ್ಗೆ ಊರವರಿಗೆ ಭಯ ಹುಟ್ಟಿತು, ವಿರೋಧ ಎದ್ದಿತು. ಯಾದಗಿರಿ ತಾಲ್ಲೂಕಿನ ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕಿ ಹೊಲ ಕೈಗಾರಿಕೆಗೆ ಹೋಯಿತು. ಔಷಧ, ರಾಸಾಯನಿಕದ ಕಾರ್ಖಾನೆಗಳು ಬಂದವು. ನೌಕರಿ ಬರುತ್ತದೆ ಅಂದಿದ್ದರು. ಸುತ್ತಲ ಊರುಗಳಿಗೆ ಮೊದಲು ಬಂದದ್ದು ನಾತ. ಇಂಥ ಯೋಜನೆಯ ಹಾನಿಯನ್ನು ಮೊದಲೇ ಪರೀಕ್ಷಿಸಬೇಕು, ಮಾತುಕತೆಯ ಮೇಜಿನಲ್ಲಿ ಸ್ಥಳೀಯ ಜನರಿಗೆ ವಿಶೇಷ ಜಾಗ ಇರಬೇಕು ಎಂದು 183ನೇ ಕಂಡಿಕೆ ಹೇಳುತ್ತದೆ. ಚೆನ್ನಾಗಿದೆ. ಆದರೆ ನಮ್ಮ ಊರುಗಳಲ್ಲಿ ಅಹವಾಲು ಸಭೆ ಅಂದರೆ ಏನು ಅಂತ ಗೊತ್ತಲ್ಲ. ಶಾಮಿಯಾನ ಹಾಕುತ್ತಾರೆ. ಮುಂದಿನ ಕುರ್ಚಿಯಲ್ಲಿ ಗೌಡರು, ಗುತ್ತಿಗೆದಾರರು, ಎರಡೂ ಪಕ್ಷದ ಪುಢಾರಿಗಳು. ಹೊಲ ಇದ್ದವನಿಗೆ ಪರಿಹಾರದ ಲೆಕ್ಕ ಕೇಳಲಿಕ್ಕಾದರೂ ಬಾಯಿ ಇದೆ. ಆ ಹೊಲದಲ್ಲಿ ಕಳೆ ಕಿತ್ತು ಬದುಕಿದ ಹೆಂಗಸಿಗೆ? ಅವಳ ಹೆಸರು ಪಹಣಿಯಲ್ಲಿಲ್ಲ. ಪರಿಹಾರದ ಪಟ್ಟಿಯಲ್ಲೂ ಇಲ್ಲ. 'ಸ್ಥಳೀಯ ಜನ' ಎಂಬ ಒಂದೇ ಶಬ್ದದೊಳಗೆ ಗೌಡನನ್ನೂ ಅವಳನ್ನೂ ಒಟ್ಟಿಗೆ ಕೂಡಿಸಿದರೆ ಅವಳು ನೆಲದ ಮೇಲೆ ಕೂಡುತ್ತಾಳೆ. ಪತ್ರ ಮೊದಲು ಎಡವುವುದು ಇಲ್ಲಿ.

ಪತ್ರದ ಅತಿ ದೊಡ್ಡ ಮಾತು 'ನಮ್ಮೆಲ್ಲರ ಮನೆ'. ಭೂಮಿ ನಮ್ಮೆಲ್ಲರ ಮನೆ, ಭೂಮಿ ಅಕ್ಕ, ಭೂಮಿ ತಾಯಿ. ಕೇಳಲು ಹಿತ. ಆದರೆ ಇದನ್ನು ನಮ್ಮ ಕಡೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಎಳ್ಳಮಾಸಿ ದಿನ ಯಾದಗಿರಿ ಸೀಮೆಯ ಯಾವ ಹೊಲಕ್ಕಾದರೂ ಹೋಗಿ ನೋಡ್ರಿ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ ಕಟ್ಟಿಕೊಂಡು ಬಂಡಿಯಲ್ಲಿ ಬರುತ್ತಾರೆ, ಬಸುರಾದ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಭೂಮಿಯನ್ನು ತಾಯಿ ಅನ್ನುವ ಮಂದಿಗೆ ಇಲ್ಲಿ ಬರವಿಲ್ಲ. ಆ ತಾಯಿಯ ಮೈಯನ್ನು ವರ್ಷವಿಡೀ ಮುಟ್ಟಿ ಉತ್ತು ಬಿತ್ತಿದವನು ಮಾತ್ರ ಮುಟ್ಟಬಾರದವನು. ತಾಯಿ ಪವಿತ್ರ, ಮಗ ಹೊಲೆಯ. ಈ ಗಣಿತವನ್ನು ಬಿಡಿಸದೆ ಭೂಮಿ ತಾಯಿ ಎಂದು ಎಷ್ಟು ಸಲ ಹಾಡಿದರೂ ಹಾಡು ಹೊಲದ ಯಜಮಾನನ ಕಿವಿಗೇ ಇಂಪು. 246 ಕಂಡಿಕೆಗಳಲ್ಲಿ ನಾವು ಹುಡುಕಿದ ಶಬ್ದ 'ಜಾತಿ'. ಅದು ಸಿಗಲಿಲ್ಲ. ಬಡವರಿದ್ದಾರೆ, ಮೂಲನಿವಾಸಿಗಳಿದ್ದಾರೆ, ವಲಸೆಗಾರರಿದ್ದಾರೆ, ಸಣ್ಣ ರೈತರಿದ್ದಾರೆ. ಅಸ್ಪೃಶ್ಯರಿಲ್ಲ. ಮನೆಯ ನಕ್ಷೆ ಬಿಡಿಸಿದ ಪೋಪರಿಗೆ ಊರ ಹೊರಗಿನ ಕೇರಿ ಕಾಣಿಸಲಿಲ್ಲ.

ನೀರಿಗೆ ಬರೋಣ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ದಿನ ಆ ಕೆರೆಯ ನೀರಿನಲ್ಲಿ ಯಾವ ಆರ್ಸೆನಿಕ್ಕೂ ಇರಲಿಲ್ಲ. ದನಕರು ಕುಡಿಯುತ್ತಿದ್ದವು, ಮನುಷ್ಯರಿಗೆ ಮಾತ್ರ ನಿಷೇಧ. ಮೇಲುಜಾತಿಯವರು ಅದಕ್ಕೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು. ಈ ದೇಶದಲ್ಲಿ ಮಾಲಿನ್ಯ ಅನ್ನುವ ಶಬ್ದಕ್ಕೆ ಕಾರ್ಖಾನೆ ಬರುವ ಮುಂಚಿನಿಂದಲೇ ಒಂದು ಅರ್ಥವಿದೆ; ಅದು ನಮ್ಮ ನೆರಳು. ಆ ಅರ್ಥವನ್ನು ಎದುರಿಸದ ಯಾವ ಪರಿಸರವಾದವೂ ಇಲ್ಲಿ ಬೇರು ಬಿಡದು. ನಮ್ಮ ದೃಷ್ಟಿಯಲ್ಲಿ ಭಾರತದ ಮೊದಲ ಪರಿಸರ ಚಳವಳಿ ಮಹಾಡದ್ದು.

ಕಾಲುವೆಯ ನೀರಿನ ಕಥೆಯೂ ಇದೇ. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿದರು, 1982ಕ್ಕೆ ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಒಣನೆಲಕ್ಕೆ ನೀರು ತಂದಿತು. ಸುಳ್ಳು ಹೇಳಬಾರದು, ಹಸಿರು ಬಂತು, ಹಣವೂ ಬಂತು. ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಎಂದು ಎಣಿಸಿದ ನೀರು ಮೇಲಿನ ಹೊಲಗಳ ಭತ್ತಕ್ಕೆ ಹೋಯಿತು. ಕಾಲುವೆಯ ತಲೆಯಲ್ಲಿ ಮೊಣಕಾಲುದ್ದ ನೀರು, ಬಾಲದಲ್ಲಿ ಬಿರುಕು ನೆಲ. ನೀರು ಹೆಚ್ಚಾದಲ್ಲಿ ಸವಳು-ಜವಳು. ಗೊಬ್ಬರ, ಕಳೆನಾಶಕ ಸುರಿದ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ನಾಟಿ ಹಚ್ಚುವವರು ಯಾರ ಮನೆಯ ಹೆಂಗಸರು? ಆ ನೀರು ಹರಿದ ಜಿಲ್ಲೆಯಿಂದಲೇ ಇವತ್ತಿಗೂ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಶಾಲೆ ಬಿಟ್ಟ ಮಕ್ಕಳೂ ಜೊತೆಗೆ. 2011ರ ಜನಗಣತಿಯಲ್ಲಿ ಓದುಬರಹ ಬಲ್ಲವರ ಲೆಕ್ಕದಲ್ಲಿ ರಾಜ್ಯಕ್ಕೇ ಕೊನೆಯದಾಗಿ ನಿಂತ ಜಿಲ್ಲೆ ಇದು, ನೂರಕ್ಕೆ 52ರ ಆಸುಪಾಸು. ನಮ್ಮ ಮಾಸ್ತರುಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ದೀಪಾವಳಿ ಆದ ಮೇಲೆ ಹಾಜರಿ ಪುಸ್ತಕ ತೆರೆದರೆ ಸಾಕು.

'ಬಿಸಾಡುವ ಸಂಸ್ಕೃತಿ' ಎಂದು ಪತ್ರದಲ್ಲಿ ಒಂದು ಮಾತಿದೆ. ವಸ್ತುಗಳನ್ನು ಬಳಸಿ ಎಸೆಯುವ ಸಮಾಜ ಮನುಷ್ಯರನ್ನೂ ಹಾಗೇ ಎಸೆಯುತ್ತದೆ ಎಂಬ ತರ್ಕ. ಯುರೋಪು-ಅಮೆರಿಕಕ್ಕೆ ಇದು ಒಪ್ಪುತ್ತದೆ. ನಮ್ಮಲ್ಲಿ ತರ್ಕ ತಲೆಕೆಳಗು. ಇಲ್ಲಿ ಏನನ್ನೂ ಬಿಸಾಡಲಿಲ್ಲ. ಸತ್ತ ದನ ಎಳೆದವನು ಮಾದಿಗ. ಅದರ ಚರ್ಮ ಹದ ಮಾಡಿ ಊರಿಗೇ ಬಾರುಕೋಲು, ಮಿಣಿ, ಮೆಟ್ಟು ಮಾಡಿಕೊಟ್ಟ. ಬಾಡನ್ನೂ ಬಿಡದೆ ಒಣಗಿಸಿ ತಿಂದ, ಹಸಿವು ಹಾಗಿತ್ತು. ಇದಕ್ಕಿಂತ ದೊಡ್ಡ ಮರುಬಳಕೆ ಯಾವ ದೇಶದಲ್ಲಿದೆ? ಊರಿನ ಕಸವೆಲ್ಲ ಗೊಬ್ಬರವಾಯಿತು, ತೆಗೆದವನು ಕಸವಾಗಿ ಉಳಿದ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರ ತಮ್ಮ ಪುಸ್ತಕದಲ್ಲಿ ಜಾತಿಗಳು ನಿಸರ್ಗದ ಸಂಪತ್ತನ್ನು ಪಾಲು ಮಾಡಿಕೊಂಡು ಜಗಳ ತಪ್ಪಿಸಿದವು, ಮಿತವಾಗಿ ಬಳಸಿದವು ಎಂಬರ್ಥದ ವಾದ ಮಂಡಿಸಿದರು. ಇಬ್ಬರೂ ವಿದ್ವಾಂಸರು, ಅವರ ಬೇರೆ ಕೆಲಸಗಳ ಬಗ್ಗೆ ಗೌರವವಿದೆ. ಆದರೆ ಸತ್ತ ದನ ಯಾರ 'ಪಾಲಿಗೆ' ಬಂತು, ಬದುಕಿದ ದನದ ಹಾಲು ಯಾರ ಪಾಲಿಗೆ ಬಂತು? ಪಾಲು ಹಾಕಿದವರು ಯಾರು? ನಾವು ಕೇಳುವುದು ಇಷ್ಟೇ.

ಈಗ ಈ ಪತ್ರ ಬರೆಸಿದ ಧರ್ಮಸಂಸ್ಥೆಯ ಮನೆಯೊಳಗೇ ಒಂದು ಸುತ್ತು ಬರೋಣ. ನಮ್ಮ ಸೀಮೆಯಲ್ಲಿ ಕ್ರೈಸ್ತರೆಂದರೆ ಹೆಚ್ಚಾಗಿ ಮೆಥಡಿಸ್ಟರು. ಯಾದಗಿರಿಯ ಹೋಲ್ಸ್ಟನ್ ದವಾಖಾನಿ ಅವರದೇ. ಕ್ಯಾಥೊಲಿಕರು ಕಡಿಮೆ. ಗುಲ್ಬರ್ಗ ಧರ್ಮಕ್ಷೇತ್ರ ಬೇರೆಯಾಗಿ ಆದದ್ದೇ 2005ರಲ್ಲಿ. ಯಾವ ಪಂಥವಾದರೇನು, ಚರ್ಚಿನ ಮೆಟ್ಟಿಲು ಹತ್ತಿದವರಲ್ಲಿ ಬಹಳ ಮಂದಿ ಕೇರಿಯಿಂದಲೇ ಹತ್ತಿದವರು. ಹತ್ತಿದ ಕೂಡಲೆ ಸರ್ಕಾರ ಕೈ ಕೊಟ್ಟಿತು: 1950ರ ರಾಷ್ಟ್ರಪತಿ ಆದೇಶದ ಮೂರನೇ ಕಂಡಿಕೆಯಂತೆ ಕ್ರೈಸ್ತನಾದ ಹೊಲೆಯ-ಮಾದಿಗ ಪರಿಶಿಷ್ಟನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ. ರಂಗನಾಥ ಮಿಶ್ರ ಆಯೋಗ ಆ ಕಂಡಿಕೆ ತೆಗೆಯಿರಿ ಅಂತ 2007ರಲ್ಲೇ ವರದಿ ಕೊಟ್ಟಿತ್ತು.

ಸರ್ಕಾರ ಹಾಗೆ, ಚರ್ಚು ಹೇಗೆ? ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಒಂದು ದಲಿತ ನೀತಿ ಹೊರಡಿಸಿತು. 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು; ಮುಂದಾಳುಗಳ ಸಾಲಿನಲ್ಲಿ ಅವರು ತೀರ ಕಡಿಮೆ ಎಂದು ಒಪ್ಪಿಕೊಂಡಿತು. ಅಂದರೆ ಮೂವರಲ್ಲಿ ಇಬ್ಬರು ಕೆಳಗೆ ಕೂತು ಪ್ರಾರ್ಥಿಸುವವರು. 1953ರಲ್ಲಿ ಮೊದಲ ಭಾರತೀಯ ಕಾರ್ಡಿನಲ್ ಆದರು. ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂಟನಿ ಪೂಲ ಅವರು, ಆಗಬೇಕಾದರೆ 2022 ಬರಬೇಕಾಯಿತು. ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕ್ಯಾಥೊಲಿಕರು ಚರ್ಚಿನ ಬೀದಿಯಲ್ಲಿ ನಡೆಯುವ ಹಕ್ಕು ಕೇಳಿದ್ದಕ್ಕೆ 2008ರಲ್ಲಿ ಅದೇ ಚರ್ಚಿನ ಮೇಲುಜಾತಿಯವರು ಅವರ ಮೇಲೆ ಬಿದ್ದರು. ಸ್ಮಶಾನದಲ್ಲಿ ಗೋಡೆ ಕಟ್ಟಿ ದಲಿತರ ಹೆಣಗಳನ್ನು ಆಚೆ ಇಟ್ಟ ಊರುಗಳೂ ಆ ನಾಡಿನಲ್ಲಿವೆ. ಬದುಕಿದ್ದಾಗ ಭೂಮಿ ಎಲ್ಲರ ಮನೆಯಾಗಲಿಲ್ಲ. ಸತ್ತ ಮೇಲೆ ಮೂರಡಿ ಮಣ್ಣೂ ಆಗಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪ್ರೊಟೆಸ್ಟೆಂಟರ ಅರವಿಂದ ನಿರ್ಮಲ್ 1980ರ ದಶಕದಲ್ಲೇ ಈ ರೋಗಕ್ಕೆ ಹೆಸರಿಟ್ಟಿದ್ದರು. ಲ್ಯಾಟಿನ್ ಅಮೆರಿಕದ ವಿಮೋಚನಾ ದೇವತಾಶಾಸ್ತ್ರವನ್ನು ಎರವಲು ತಂದವರು ವರ್ಗ ನೋಡಿದರು, ಜಾತಿ ನೋಡಲಿಲ್ಲ ಎಂಬುದು ಅವರ ತಕರಾರು. ಅದೇ ಲ್ಯಾಟಿನ್ ಅಮೆರಿಕದಿಂದ ಬಂದ ಪೋಪರ ಪತ್ರಕ್ಕೂ ಆ ತಕರಾರು ಹಾಗೇ ಅನ್ವಯಿಸುತ್ತದೆ.

ಹಾಗಂತ ಎಲ್ಲ ಫಾದರುಗಳನ್ನೂ ಒಂದೇ ಬುಟ್ಟಿಗೆ ಹಾಕುವ ಸೋಮಾರಿತನ ನಮಗೆ ಬೇಡ. ಸ್ಟ್ಯಾನ್ ಸ್ವಾಮಿ ಎಂಬ ಜೆಸುಯಿಟ್ ಇದ್ದರು. 1970-80ರ ದಶಕಗಳಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನೆಲ, ಕಾಡು, ಗಣಿಯ ಪ್ರಶ್ನೆಗಳ ನಡುವೆ ಬದುಕಿದವರು. 2020ರ ಅಕ್ಟೋಬರಿನಲ್ಲಿ ಬಂಧನ; 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ, ವಿಚಾರಣೆಯೇ ಶುರುವಾಗದೆ ಕೈದಿಯಾಗಿಯೇ ಸತ್ತರು. ಪತ್ರದ ಮಾತನ್ನು ಕೊನೆತನಕ ಓದಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅವರ ಸಾವಿಗಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ಸಸಿ ನೆಡುವವರನ್ನು ಯಾವ ಸರ್ಕಾರವೂ ಜೈಲಿಗೆ ಹಾಕುವುದಿಲ್ಲ.

ಇಷ್ಟು ಬೈದ ಮೇಲೂ ಪತ್ರದಲ್ಲಿ ನಾವು ಬಿಡಲಾರದ ಒಂದು ಪುಟವಿದೆ. 71ನೇ ಕಂಡಿಕೆ ಹಳೆಯ ಯಹೂದಿ ಕಟ್ಟಳೆ ನೆನಪಿಸುತ್ತದೆ. ಏಳನೇ ವರ್ಷ ಭೂಮಿಗೆ ಬಿಡುವು. ಏಳು ಏಳಲ 49 ಆದ ಮೇಲೆ ಜೂಬಿಲಿ ಸಂವತ್ಸರ. ಸಾಲಕ್ಕೆ, ಹಸಿವಿಗೆ ಕೈಬಿಟ್ಟುಹೋದ ನೆಲ ಆ ವರ್ಷ ಮೂಲದವನಿಗೆ ವಾಪಸ್ಸು, ಜೀತಕ್ಕಿದ್ದವನು ಬಿಡುಗಡೆ. ಇದರ ಹುಳುಕೂ ಕಾಣಬೇಕು: ಯಾಜಕಕಾಂಡದ ಅದೇ 25ನೇ ಅಧ್ಯಾಯದಲ್ಲಿ ಪರದೇಶಿ ಜೀತದಾಳುಗಳನ್ನು ಮಕ್ಕಳ ಕಾಲಕ್ಕೂ ಆಸ್ತಿಯಾಗಿ ಇಟ್ಟುಕೊಳ್ಳಬಹುದು ಅಂತ ಬರೆದಿದೆ. ಮೊದಲೇ ಪಾಲು ಇದ್ದವನಿಗೆ ಮಾತ್ರ ಪಾಲು ಮರಳುತ್ತದೆ. ಯಾವತ್ತೂ ಪಾಲೇ ಇಲ್ಲದವನಿಗೆ ಜೂಬಿಲಿ ತುತ್ತೂರಿ ಊದಿ ಏನು ಉಪಯೋಗ? ಪೋಪರು ಈ ಹುಳುಕಿನ ಬಗ್ಗೆ ಸುಮ್ಮನಿದ್ದಾರೆ. ಆದರೆ 93, 94ರಲ್ಲಿ ಖಾಸಗಿ ಆಸ್ತಿ ಪ್ರಶ್ನಾತೀತವಲ್ಲ, ಉಳುವ ಪ್ರತಿಯೊಬ್ಬನಿಗೂ ಒಂದು ತುಂಡು ನೆಲದ ಹಕ್ಕಿದೆ, ಅದು ಕಾಗದದ ಮೇಲೆ ಉಳಿಯಬಾರದು ಎಂಬ ಮಾತಿದೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79-ಎ, 79-ಬಿ ಕಿತ್ತುಹಾಕಿ, ಹಣವಿದ್ದ ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂದು ಮಾಡಿದ ಈ ರಾಜ್ಯದಲ್ಲಿ ಇಷ್ಟು ಹೇಳುವ ಮಠಾಧೀಶರನ್ನು ತೋರಿಸಿ ನೋಡೋಣ.

ನಮ್ಮಲ್ಲೂ ಒಂದು ಜೂಬಿಲಿ ಕಾಯ್ದೆ ಇದೆ. 1978ರದು, ಜನರ ಬಾಯಲ್ಲಿ ಪಿಟಿಸಿಎಲ್. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಯಾರು ಕೊಂಡಿದ್ದರೂ ಅದು ಅಸಿಂಧು. ನೆಲ ಮಂಜೂರಾದವನಿಗೆ, ಅವನ ಮಕ್ಕಳಿಗೆ ಮರಳಬೇಕು. ಮದುವೆಗೆ, ಬರಕ್ಕೆ, ಹೆಂಡಕ್ಕೆ, ಗೌಡರ ಹೆದರಿಕೆಗೆ ಹೆಬ್ಬೆಟ್ಟು ಒತ್ತಿ ಕಳಕೊಂಡ ಎಕರೆಗಳು ಎಷ್ಟೋ. 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಅವಧಿ'ಯೊಳಗೆ ಕೇಳಬೇಕಿತ್ತು ಅಂದಿತು, ಅರ್ಜಿಗಳು ಬಿದ್ದುಹೋದವು. ಮಂದಿ ಬೀದಿಗೆ ಬಂದು ಕೂತರು. 2023ರಲ್ಲಿ ಕಾಲಮಿತಿ ಇಲ್ಲ ಎಂದು ತಿದ್ದುಪಡಿ ಆಯಿತು. ಯಹೂದಿಗಳ ಜೂಬಿಲಿಗೆ 50ನೇ ವರ್ಷ ಬಂದರೆ ಸಾಕಿತ್ತು. ನಮ್ಮದಕ್ಕೆ ಸಾಗುವಳಿ ಚೀಟಿ ಬೇಕು, ಹಳೆ ಪಹಣಿ ಬೇಕು, ವಂಶಾವಳಿ ಬೇಕು, ಅಸಿಸ್ಟೆಂಟ್ ಕಮಿಷನರ್ ಕಚೇರಿಯ ಕಟ್ಟೆಯ ಮೇಲೆ ಕೂಲಿ ಬಿಟ್ಟು ಕೂಡಬೇಕು.

ಹಾಗಾಗಿ ಮೂರೂ ತಾಲ್ಲೂಕಿನ ಗೆಳೆಯರಿಗೆ, ಮಾಸ್ತರುಗಳಿಗೆ ನಮ್ಮ ಸೂಚನೆ ಇಷ್ಟು. ಪೋಪರ ಪತ್ರದ 30, 51, 71, 94ನೇ ಕಂಡಿಕೆಗಳ ಸಾರಾಂಶ, ಕಿರದಳ್ಳಿ ತಾಂಡಾದ ನೀರಿನ ಲೆಕ್ಕ, 1978ರ ಕಾಯ್ದೆಯ 4 ಮತ್ತು 5ನೇ ಕಲಮುಗಳು, ಇವು ನಾಲ್ಕು ಪುಟದ ಕರಪತ್ರದಲ್ಲಿ ಹಿಡಿಸುತ್ತವೆ. ಕೇರಿಯಲ್ಲಿ ಹಂಚಿರಿ. ಚರ್ಚಿನ ಬಾಗಿಲಲ್ಲೂ ಹಂಚಿರಿ, ಮೆಥಡಿಸ್ಟರದಾದರೂ ಸರಿ, ಕ್ಯಾಥೊಲಿಕರದಾದರೂ ಸರಿ. ಭಾನುವಾರದ ಉಪದೇಶದಲ್ಲಿ 'ನಮ್ಮೆಲ್ಲರ ಮನೆ' ಎಂದು ಹೇಳುವ ಫಾದರುಗಳು ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ನಿಂತು, ಯಾರ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಸಾಗುವಳಿ ಚೀಟಿ ಇದೆ ಅಂತ ಒಬ್ಬೊಬ್ಬರನ್ನೇ ಕೇಳಲಿ.